ಪಿ53 ಬ್ಯಾಂಡ್ ಬರಲಿಲ್ಲ ಅಂತ ಆ್ಯಂಟಿಬಾಡಿಯನ್ನು ಬೈಯಬೇಡಿ

ಪಿ53 ಅಂದರೆ ಕೋಶ ಕ್ಯಾನ್ಸರ್ ಆಗದಂತೆ ಕಾಯುವ ಪ್ರೋಟೀನ್. ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ತೂಕದ ಪ್ರಕಾರ ಬೇರ್ಪಡಿಸಿ, ಮೆಂಬ್ರೇನ್ ಎಂಬ ತೆಳು ಹಾಳೆಗೆ ಇಳಿಸಿ, ಬೇಕಾದ್ದನ್ನು ಆ್ಯಂಟಿಬಾಡಿಯಿಂದ ಗುರುತಿಸುವುದು ವೆಸ್ಟರ್ನ್ ಬ್ಲಾಟ್. ಸಿಕ್ಕ ಪ್ರೋಟೀನ್ ಗೆರೆಯಾಗಿ ಕಾಣುತ್ತದೆ, ಅದೇ ಬ್ಯಾಂಡ್. ಪಿ53 ಬ್ಲಾಟ್ ಕಲಿಯುವಾಗ ನನಗೆ ಎರಡು ವಾರ ಬ್ಯಾಂಡೇ ಬರಲಿಲ್ಲ. ಆ್ಯಂಟಿಬಾಡಿ ಕೆಟ್ಟಿದೆ ಅಂದುಕೊಂಡು ಹೊಸ ವಯಲ್ ತರಿಸಿದೆ. ಅದರಲ್ಲೂ ಇಲ್ಲ. ನಾನು ಹಾಕುತ್ತಿದ್ದದ್ದು ಹೀಲಾ ಎಂಬ ಗರ್ಭಕಂಠ ಕ್ಯಾನ್ಸರ್ ಕೋಶಗಳ ಲೈಸೇಟ್, ಅಂದರೆ ಕೋಶ ಒಡೆದು ತೆಗೆದ ರಸ. ಆ ಕೋಶಗಳಲ್ಲಿ ಪ್ಯಾಪಿಲೋಮಾ ವೈರಸ್ಸಿನ ಇ6 ಪ್ರೋಟೀನ್ ಇರುತ್ತದೆ. ಪಿ53 ತಯಾರಾದ ಹಾಗೆಲ್ಲ ಅದನ್ನು ಒಡೆಸಿಹಾಕುತ್ತದೆ. ಇರುವುದೇ ಅಷ್ಟು ಕಡಿಮೆ ಆದಾಗ ಆ್ಯಂಟಿಬಾಡಿ ಏನು ತೋರಿಸೀತು?

ಅಂದಿನಿಂದ ಹೋಲಿಕೆಗೆಂದು ಎರಡು ಲೇನ್ (ಜೆಲ್‌ನಲ್ಲಿ ಒಂದೊಂದು ಸ್ಯಾಂಪಲ್ ಓಡುವ ಸಾಲು) ಇಲ್ಲದೆ ನಾನು ಜೆಲ್ ಓಡಿಸುವುದಿಲ್ಲ. ಒಂದರಲ್ಲಿ ಎಚ್1299. ಶ್ವಾಸಕೋಶ ಕ್ಯಾನ್ಸರಿನ ಈ ಕೋಶದಲ್ಲಿ ಪಿ53 ಇಲ್ಲವೇ ಇಲ್ಲ. ಇನ್ನೊಂದರಲ್ಲಿ ಎಂಡಿಎ-ಎಂಬಿ-231. ಸ್ತನ ಕ್ಯಾನ್ಸರಿನ ಈ ಕೋಶದಲ್ಲಿ ಮ್ಯುಟೇಷನ್ ಆದ ಪಿ53 ರಾಶಿ ಬಿದ್ದಿರುತ್ತದೆ. ಮೊದಲನೆಯದು ಖಾಲಿ, ಎರಡನೆಯದು ಕಪ್ಪಗೆ ಬಂದರೆ ಮಾತ್ರ ಮಿಕ್ಕ ಲೇನ್‌ಗಳನ್ನು ನಂಬಿ.

ನಾನು ಬಳಸುವ ಆ್ಯಂಟಿಬಾಡಿಯ ಕ್ಲೋನ್ (ಒಂದೇ ಕೋಶದ ವಂಶದಿಂದ ಬಂದ ಬಗೆ) ಡಿಒ-1. ಪ್ರೋಟೀನಿನ ಶುರುವಿನ ತುದಿಯಲ್ಲಿ, 20ರಿಂದ 25ನೇ ಅಮೈನೊ ಆಮ್ಲದ ಜಾಗಕ್ಕೆ ಅಂಟುತ್ತದೆ. ಮ್ಯುಟೇಷನ್‌ಗಳು ಹೆಚ್ಚಾಗಿ ಆಗುವುದು ನಡುಭಾಗದಲ್ಲಿ. ಹಾಗಾಗಿ ಸರಿಯಾದ ಪಿ53, ಕೆಟ್ಟ ಪಿ53 ಎರಡನ್ನೂ ಹಿಡಿಯುತ್ತದೆ. ಆದರೆ ಮನುಷ್ಯರ ಕೋಶಕ್ಕೆ ಸರಿ, ಇಲಿಯ ಪಿ53ಗೆ ಆಗಲ್ಲ.

ವಯಲ್ ಬಂದ ಕೂಡಲೇ ಮುಚ್ಚಳ ತೆಗೆಯಬೇಡಿ. ಬೆಳಕಿಗೆ ಹಿಡಿದು ನೋಡಿ, ಮುಚ್ಚಳದ ಒಳಗೆ ಸಣ್ಣ ಹನಿ ಅಂಟಿರುತ್ತದೆ. ಇರುವುದೇ 100 ಮೈಕ್ರೋಲೀಟರ್ ಆದರೆ ಆ ಹನಿಯೂ ದುಡ್ಡೇ ಅಲ್ವಾ? ಕೆಲವು ಸೆಕೆಂಡ್ ಸೆಂಟ್ರಿಫ್ಯೂಜ್‌ನಲ್ಲಿ ಸ್ಪಿನ್ ಮಾಡಿ ಕೆಳಗಿಳಿಸಿ. ಎಷ್ಟು ತಣ್ಣಗಿಡಬೇಕು ಅಂತ ಜೊತೆಗೆ ಬಂದ ಹಾಳೆಯಲ್ಲಿ ಓದಿ. ಫ್ರೀಜ್ ಮಾಡುವಂಥದ್ದಾದರೆ ಸಣ್ಣ ಟ್ಯೂಬ್‌ಗಳಿಗೆ ಹಂಚಿಡಿ. ಪದೇ ಪದೇ ಕರಗಿಸಿ ಗಟ್ಟಿ ಮಾಡಿದರೆ ಹಾಳಾಗುತ್ತದೆ.

ಪ್ರತಿ ಲೇನ್‌ಗೆ 30 ಮೈಕ್ರೋಗ್ರಾಂ ಪ್ರೋಟೀನ್, 10% ಜೆಲ್. ಮೆಂಬ್ರೇನ್‌ಗೆ ಟ್ರಾನ್ಸ್‌ಫರ್ ಆದ ಮೇಲೆ, ಎಲ್ಲ ಪ್ರೋಟೀನನ್ನೂ ಕೆಂಪಾಗಿಸುವ ಪೊನ್ಸೋ ಬಣ್ಣ ಹಾಕಿ. ಕೆಂಪು ಗೆರೆಗಳು ಎಲ್ಲ ಲೇನ್‌ನಲ್ಲೂ ಒಂದೇ ಸಮ ಏಳಬೇಕು. ಎಲ್ಲಾದರೂ ದುಂಡಗೆ ಬಿಳಿ ಕಲೆ ಕಂಡರೆ ಅಲ್ಲಿ ಗುಳ್ಳೆ ಕೂತಿತ್ತು ಅಂತ ಅರ್ಥ. ಆ ಬ್ಲಾಟ್ ಮುಂದುವರಿಸಿ ಸುಮ್ನೆ ಆ್ಯಂಟಿಬಾಡಿ ಖರ್ಚು ಮಾಡಬೇಡಿ.

ಟಿಬಿಎಸ್‌ಟಿ ಎಂಬ ಬಫರ್‌ನಲ್ಲಿ ಕಲಸಿದ 5% ಕೆನೆ ತೆಗೆದ ಹಾಲಿನ ಪುಡಿಯಲ್ಲಿ ಒಂದು ಗಂಟೆ ಬ್ಲಾಕ್ ಮಾಡಿ, ಅಂದರೆ ಆ್ಯಂಟಿಬಾಡಿ ಎಲ್ಲೆಂದರಲ್ಲಿ ಅಂಟದಂತೆ ಮೆಂಬ್ರೇನಿನ ಖಾಲಿ ಜಾಗ ಮುಚ್ಚಿ. ನಂತರ ಡಿಒ-1, 1:1000. ಅಂದರೆ 10 ಮಿಲಿಲೀಟರ್‌ಗೆ 10 ಮೈಕ್ರೋಲೀಟರ್. ರಾತ್ರಿಯಿಡೀ 4 ಡಿಗ್ರಿಯಲ್ಲಿ ಅಲುಗಾಡುತ್ತಿರಲಿ. ಬೆಳಿಗ್ಗೆ ಹತ್ತತ್ತು ನಿಮಿಷ ಮೂರು ಸಲ ತೊಳೆದು, ಎಚ್‌ಆರ್‌ಪಿ ಕಿಣ್ವ ಇರುವ ಆ್ಯಂಟಿ-ಮೌಸ್ ಸೆಕೆಂಡರಿ (ಇಲಿಯಿಂದ ಬಂದ ಡಿಒ-1ಗೆ ಅಂಟುವ ಎರಡನೇ ಆ್ಯಂಟಿಬಾಡಿ) ಒಂದು ಗಂಟೆ. ಮತ್ತೆ ಮೂರು ಸಲ ತೊಳೆದು ಇಸಿಎಲ್ (ಎಚ್‌ಆರ್‌ಪಿ ಇದ್ದಲ್ಲಿ ಬೆಳಕು ಹೊಮ್ಮಿಸುವ ದ್ರಾವಣ) ಹಾಕಿ. ಸೆಕೆಂಡರಿಯ ದ್ರಾವಣಕ್ಕೆ ಸೋಡಿಯಂ ಅಝೈಡ್ ಸೇರಿಸಲೇಬೇಡಿ. ಅದು ಎಚ್‌ಆರ್‌ಪಿಯ ಕೆಲಸ ನಿಲ್ಲಿಸುತ್ತದೆ.

ಬ್ಯಾಂಡ್ ಹುಡುಕಬೇಕಾದ್ದು 53 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಗುರುತಿನ ಹತ್ತಿರ. 393 ಅಮೈನೊ ಆಮ್ಲಗಳ ಈ ಪ್ರೋಟೀನಿನ ನಿಜವಾದ ತೂಕ ಸುಮಾರು 44 ಕಿಲೋಡಾಲ್ಟನ್. ಅದರಲ್ಲಿ ಪ್ರೋಲೀನ್ ಜಾಸ್ತಿ ಇರುವುದರಿಂದ ಜೆಲ್‌ನಲ್ಲಿ ನಿಧಾನವಾಗಿ ಓಡುತ್ತದೆ. 1979ರಲ್ಲಿ ಕಂಡಾಗ ಜೆಲ್ ತೋರಿಸಿದ ತೂಕವೇ ಹೆಸರಾಗಿ ನಿಂತಿತು.

ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶದಲ್ಲಿ ಬ್ಯಾಂಡ್ ಮಸುಕಾಗಿದ್ದರೆ ಗಾಬರಿ ಬೇಡ. ಅಲ್ಲಿ ಪಿ53 ಸರಿಯಾಗಿದೆ, ಎಂಡಿಎಂ2 ಎಂಬ ಪ್ರೋಟೀನ್ ಅದನ್ನು ಬೇಗ ಬೇಗ ಒಡೆಸಿಹಾಕುತ್ತಿರುತ್ತದೆ. ಡಿಎನ್‌ಎಗೆ ಹಾನಿ ಮಾಡಿ ಪಿ53 ಹೆಚ್ಚಿಸುವ ಡಾಕ್ಸೊರುಬಿಸಿನ್ ಔಷಧ ಕೊಟ್ಟ ಕೋಶಗಳ ಲೈಸೇಟನ್ನು ಪಕ್ಕದ ಲೇನ್‌ನಲ್ಲಿ ಹಾಕಿ, ಬ್ಯಾಂಡ್ ದಪ್ಪಗಾಗುವುದು ಕಣ್ಣಿಗೇ ಕಾಣುತ್ತದೆ.

ನೋಟ್‌ಬುಕ್ಕಿನಲ್ಲಿ ಬ್ಲಾಟಿನ ಪಕ್ಕ ಆ್ಯಂಟಿಬಾಡಿಯ ಕ್ಲೋನ್, ಲಾಟ್ ನಂಬರ್ (ಯಾವ ತಯಾರಿಯ ಕಂತು), ಡೈಲ್ಯೂಷನ್ ಬರೆದಿಡಿ. ಹೊಸ ಲಾಟ್ ಬಂದ ದಿನ ಅದೇ ಎರಡು ಲೇನ್ ಮತ್ತೊಮ್ಮೆ ಓಡಿಸಿ.