2 ಲಕ್ಷ ಓಡಿದ ಇನ್ನೋವಾ ಕೊಂಡ ಮೇಲೆ: ಯಾವ ಕೆಲಸ ಮೊದಲು, ಯಾವುದು ಆಮೇಲೆ

2005ರಿಂದ 2016ರವರೆಗೆ ಬಿಡದಿಯ ಕಾರ್ಖಾನೆಯಿಂದ ಹೊರಬಂದ ಹಳೆಯ ಇನ್ನೋವಾ, ಅದರಲ್ಲೂ 2.5 ಲೀಟರಿನ 2ಕೆಡಿ ಡೀಸೆಲ್ ಎಂಜಿನ್ನಿನ ಗಾಡಿ, ಎರಡೂವರೆ ಲಕ್ಷ ಕಿಲೋಮೀಟರ್ ಓಡಿದ ಮೇಲೂ ಸುಲಭವಾಗಿ ಮಾರಾಟವಾಗುತ್ತದೆ. 'ಇನ್ನೋವಾ ಅಲ್ವಾ, ಏನೂ ಆಗಲ್ಲ' ಎಂಬ ನಂಬಿಕೆಯೇ ಈ ಗಾಡಿಗಳಿಗೆ ಮಾರಕ. ಎಂಜಿನ್ ಗಟ್ಟಿಯಾಗಿರುವುದರಿಂದ ನಿರ್ಲಕ್ಷ್ಯವನ್ನು ಬಹಳ ದಿನ ತಡೆದುಕೊಳ್ಳುತ್ತದೆ. ಆಮೇಲೆ ಒಂದೇ ಸಲ ದೊಡ್ಡ ಬಿಲ್ ತರುತ್ತದೆ. ಇಂಥ ಗಾಡಿಯ ಮೇಲೆ ನಾನು ಯಾವ ಕ್ರಮದಲ್ಲಿ ಕೆಲಸ ಮಾಡುತ್ತೇನೆ, ಆ ಕ್ರಮ ಯಾಕೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ನಿಯಮ ಒಂದೇ. ಬಿಲ್ ಇಲ್ಲದ ಕೆಲಸ ಆಗಿಲ್ಲವೆಂದೇ ಲೆಕ್ಕ. 'ಮೊನ್ನೆಯಷ್ಟೇ ಸರ್ವಿಸ್ ಆಗಿದೆ' ಎಂದು ಮಾರುವವರು ಹೇಳಿದರೆ ಬಹುತೇಕ ಎಂಜಿನ್ ಆಯಿಲ್ ಬದಲಾಗಿರುತ್ತದೆ, ಗಾಡಿ ತೊಳೆದಿರುತ್ತದೆ, ಅಷ್ಟೇ. ಮೀಟರಿನ ಅಂಕಿಯನ್ನೂ ನಾನು ಆಧಾರವಾಗಿ ಇಟ್ಟುಕೊಳ್ಳುವುದಿಲ್ಲ. ನನ್ನ ಕೈಯಲ್ಲಿ ಬದಲಾದ ದಿನದಿಂದಲೇ ಆಯಾ ಭಾಗದ ಆಯುಸ್ಸು ಶುರು. ಆದರೂ ಎಲ್ಲವನ್ನೂ ಒಂದೇ ವಾರದಲ್ಲಿ ಬಿಚ್ಚಬಾರದು. ಹತ್ತು ಭಾಗ ಒಟ್ಟಿಗೆ ಬದಲಾಯಿಸಿದ ಮೇಲೆ ಹೊಸದೊಂದು ಸದ್ದು ಬಂದರೆ ಅದು ಯಾವ ಕೆಲಸದಿಂದ ಬಂತೆಂದು ಹುಡುಕುವುದೇ ದೊಡ್ಡ ಕೆಲಸವಾಗುತ್ತದೆ.

ಮೊದಲ ಸರದಿ ಬ್ರೇಕು, ಟೈರು, ಮುಂದಿನ ಚಕ್ರಗಳನ್ನು ಸಸ್ಪೆನ್ಷನ್ ಆರ್ಮಿಗೆ ಸೇರಿಸುವ ಬಾಲ್ ಜಾಯಿಂಟುಗಳದ್ದು. ಎಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ, ಇವು ಕೆಟ್ಟರೆ ಗಾಡಿ ನಿಲ್ಲುವುದಿಲ್ಲ. ನಾಲ್ಕೂ ಚಕ್ರ ಬಿಚ್ಚಿ ನೋಡಬೇಕು. ಮುಂದಿನ ಪ್ಯಾಡ್ 3 ಮಿ.ಮೀ. ಉಳಿದಿದ್ದರೆ ಬದಲಾವಣೆಗೆ ಬಂತೆಂದೇ ಅರ್ಥ. ಡಿಸ್ಕಿನ ಕನಿಷ್ಠ ದಪ್ಪವನ್ನು ಡಿಸ್ಕಿನ ಮೇಲೆಯೇ ಅಚ್ಚೊತ್ತಿರುತ್ತಾರೆ. ವರ್ನಿಯರ್‌ನಿಂದ ಅಳೆದು ಅದಕ್ಕೆ ಹೋಲಿಸಿದರೆ ಸಾಕು. ಹಿಂದಿನ ಡ್ರಮ್ ಬಿಚ್ಚಿದಾಗ ಲೈನರ್ ನೋಡಿ ಮುಚ್ಚಿಬಿಡುವವರು ಹೆಚ್ಚು. ವೀಲ್ ಸಿಲಿಂಡರಿನ ರಬ್ಬರ್ ಬೂಟನ್ನು ಸಣ್ಣ ಸ್ಕ್ರೂಡ್ರೈವರ್‌ನಿಂದ ಸ್ವಲ್ಪ ಎತ್ತಿ. ಒಳಗೆ ಒದ್ದೆಯಿದ್ದರೆ ಸೋರಿಕೆ ಶುರುವಾಗಿದೆ, ಅದು ಲೈನರಿಗೆ ಇಳಿಯಲು ಹೆಚ್ಚು ದಿನ ಬೇಡ. ಎಡಬಲ ಎರಡನ್ನೂ ಒಟ್ಟಿಗೆ ಬದಲಾಯಿಸಬೇಕು.

ಬ್ರೇಕ್ ಆಯಿಲ್ ಪೂರ್ತಿ ಬದಲಾಯಿಸಲು ಒಂದು ಲೀಟರ್ ಡಾಟ್ 3 ಅಥವಾ ಡಾಟ್ 4 ಸಾಕು. ಮಾಸ್ಟರ್ ಸಿಲಿಂಡರ್‌ನಿಂದ ದೂರದ ಚಕ್ರ ಮೊದಲು: ಹಿಂದೆ ಎಡ, ಹಿಂದೆ ಬಲ, ಮುಂದೆ ಎಡ, ಮುಂದೆ ಬಲ. ಬ್ಲೀಡ್ ಮಾಡುವಾಗ, ಅಂದರೆ ಹಳೆಯ ಆಯಿಲನ್ನೂ ಗಾಳಿಯನ್ನೂ ಹೊರಗೆ ತಳ್ಳುವಾಗ, ಪೆಡಲನ್ನು ತಳಕ್ಕೆ ಮುಟ್ಟುವಂತೆ ಒತ್ತಬಾರದು, ಕೆಳಗೊಂದು ಮರದ ತುಂಡು ಇಡಿ. ಹಳೆಯ ಮಾಸ್ಟರ್ ಸಿಲಿಂಡರಿನಲ್ಲಿ ಸೀಲು ದಿನವೂ ಓಡಾಡುವ ಜಾಗ ನುಣುಪಾಗಿರುತ್ತದೆ, ಅದರಾಚೆಗಿನ ಭಾಗದಲ್ಲಿ ತುಕ್ಕು, ಕಲ್ಮಶ ಕೂತಿರುತ್ತದೆ. ಪೆಡಲ್ ತಳಕ್ಕೆ ಹೋದರೆ ಸೀಲು ಆ ಒರಟಿನ ಮೇಲೆ ಹಾದು ಸೀಳಿಹೋಗುತ್ತದೆ. ಬ್ರೇಕ್ ಆಯಿಲ್ ಬದಲಾಯಿಸಿದ ಮಾರನೆಯ ದಿನವೇ ಪೆಡಲ್ ನಿಧಾನವಾಗಿ ಇಳಿಯತೊಡಗಿದರೆ ಕಾರಣ ಬಹುಮಟ್ಟಿಗೆ ಇದೇ.

ಟೈರಿನ ಬದಿಯಲ್ಲಿ DOT ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರದ್ದು. ಟ್ರೆಡ್ ಎಷ್ಟೇ ಇದ್ದರೂ ಬದಿಯಲ್ಲಿ ಸಣ್ಣ ಬಿರುಕು ಕಾಣುವ ಹಳೆಯ ಟೈರನ್ನು ಏಳು ಜನ ಕೂರುವ ಗಾಡಿಯಲ್ಲಿ ನಾನು ಉಳಿಸಿಕೊಳ್ಳುವುದಿಲ್ಲ. ಸ್ಟೆಪ್ನಿಯ ದಿನಾಂಕವನ್ನೂ ಓದಿ, ಬಹಳ ಗಾಡಿಗಳಲ್ಲಿ ಅದು ಗಾಡಿಯಷ್ಟೇ ಹಳೆಯದಿರುತ್ತದೆ.

ಬಾಲ್ ಜಾಯಿಂಟ್ ಪರೀಕ್ಷೆಗೆ ಜಾಕಿ ಎಲ್ಲಿ ಕೊಡುತ್ತೀರಿ ಎಂಬುದು ಮುಖ್ಯ. ಇನ್ನೋವಾದ ಮುಂದಿನ ಸ್ಪ್ರಿಂಗ್ ಕೆಳಗಿನ ಆರ್ಮಿನ ಮೇಲೆ ಕೂತಿರುತ್ತದೆ. ಛಾಸಿಗೆ ಜಾಕಿ ಕೊಟ್ಟು ಎತ್ತಿದರೆ ಸ್ಪ್ರಿಂಗ್ ಜಾಯಿಂಟನ್ನು ಬಿಗಿಯಾಗಿ ಹಿಡಿದುಕೊಂಡು ಅದರ ಸಡಿಲವನ್ನು ಮುಚ್ಚಿಡುತ್ತದೆ. ಕೆಳಗಿನ ಆರ್ಮಿಗೇ ಜಾಕಿ ಕೊಟ್ಟು, ಚಕ್ರದ ಅಡಿಗೆ ಹಾರೆ ಹಾಕಿ ಮೇಲೆತ್ತಿ ನೋಡಿ. ಲೊಟಕ್ ಎಂದರೆ ಆ ದಿನವೇ ಬದಲಾಯಿಸಿ. ಮಂಗಳೂರು, ಉಡುಪಿ ಕಡೆಯ ಗಾಡಿಯಾದರೆ ಇದೇ ಹೊತ್ತಿನಲ್ಲಿ ಛಾಸಿಯ ನೀರು ಹೋಗುವ ತೂತುಗಳಿಗೆ ಟಾರ್ಚ್ ಬಿಟ್ಟು ಒಳಗಿನ ತುಕ್ಕನ್ನೂ ನೋಡಿಬಿಡಿ.

ಇನ್ನು ಎಂಜಿನ್. ಎರಡನೇ ಸರದಿ, ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟನ್ನು ತಿರುಗಿಸುವ ಟೈಮಿಂಗ್ ಬೆಲ್ಟಿನದು. ಆಮೇಲೆ ಬಂದ ಇನ್ನೋವಾ ಕ್ರಿಸ್ಟಾದ 2.4 ಎಂಜಿನ್ನಿನಲ್ಲಿ ಚೈನ್ ಇದೆ, ಇದರಲ್ಲಿ ಬೆಲ್ಟು. ಅದು ಕಡಿದರೆ ಕ್ಯಾಮ್‌ಶಾಫ್ಟ್ ನಿಲ್ಲುತ್ತದೆ, ಪಿಸ್ಟನ್ ವಾಲ್ವಿಗೆ ಹೊಡೆಯುತ್ತದೆ, ಹೆಡ್ ಇಳಿಸಲೇಬೇಕು. ಮೀಟರಿನಲ್ಲಿ ಟಿ-ಬೆಲ್ಟ್ ದೀಪ ಉರಿಯುತ್ತಿಲ್ಲ ಎಂದು ಸಮಾಧಾನ ಪಡಬೇಡಿ. ಆ ದೀಪಕ್ಕೆ ಬೆಲ್ಟಿನ ಸ್ಥಿತಿ ಗೊತ್ತಿಲ್ಲ, ಅದು ಕಿಲೋಮೀಟರ್ ಮಾತ್ರ ಎಣಿಸುತ್ತದೆ. ಬೆಲ್ಟ್ ಬದಲಾಯಿಸದೆಯೇ ದೀಪವನ್ನು ರಿಸೆಟ್ ಮಾಡಬಹುದು. ಮೀಟರನ್ನೇ ಹಿಂದಕ್ಕೆ ತಿರುಗಿಸಿದ ಗಾಡಿಯಲ್ಲಿ ಅದು ಸಮಯಕ್ಕೆ ಉರಿಯುವುದೂ ಇಲ್ಲ. ಬಿಲ್ ಇಲ್ಲವೇ, ಬೆಲ್ಟ್ ಬದಲಾಯಿಸಿ.

ಬೆಲ್ಟ್ ಒಂದನ್ನೇ ಹಾಕುವುದು ಅರ್ಧ ಕೆಲಸ. ಐಡ್ಲರ್ ಪುಲ್ಲಿ, ಹೈಡ್ರಾಲಿಕ್ ಟೆನ್ಷನರ್ ಕೂಡ ಹೊಸದಾಗಬೇಕು. ಹಳೆಯ ಬೇರಿಂಗ್ ಜಾಮ್ ಆದರೆ ಹೊಸ ಬೆಲ್ಟೂ ಸುಟ್ಟು ಕಡಿಯುತ್ತದೆ. ಕವರ್ ಬಿಚ್ಚಿದಾಗ ಒಳಗೆ ಎಣ್ಣೆಯ ಜಿಡ್ಡು ಕಂಡರೆ ಕ್ಯಾಮ್ ಸೀಲ್ ಸೋರುತ್ತಿದೆ, ಅದನ್ನು ಆಗಲೇ ಹಾಕಿ. ಎಣ್ಣೆ ಕುಡಿದ ಬೆಲ್ಟು ಬಾಳುವುದಿಲ್ಲ. ಬೆಲ್ಟ್ ಕೂರಿಸಿ ಟೆನ್ಷನರ್ ಪಿನ್ ತೆಗೆದ ಮೇಲೆ ಕ್ರ್ಯಾಂಕನ್ನು ಸ್ಪ್ಯಾನರ್‌ನಿಂದ ಎರಡು ಪೂರ್ತಿ ಸುತ್ತು ತಿರುಗಿಸಿ ಗುರುತುಗಳನ್ನು ಮತ್ತೆ ನೋಡಬೇಕು. ಈ ಎರಡು ಸುತ್ತು ತಿರುಗಿಸದೆ ಸ್ಟಾರ್ಟರ್ ಹೊಡೆಯುವ ಮೆಕ್ಯಾನಿಕ್ ಹತ್ತಿರ ಈ ಕೆಲಸ ಕೊಡಬೇಡಿ. ಕೊನೆಗೆ ಕವರಿನ ಮೇಲೆ ದಿನಾಂಕ, ಕಿಲೋಮೀಟರ್ ಬರೆದು ಅಂಟಿಸಿ.

ಹೊರಗಡೆ ಯಾರೂ ನೋಡದ, ಈ ಎಂಜಿನ್ನಿಗೇ ವಿಶೇಷವಾದ ರೋಗ ಇಂಜೆಕ್ಟರಿನ ತಾಮ್ರದ ವಾಷರುಗಳದ್ದು. 2ಕೆಡಿಯಲ್ಲಿ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಈ ಇಂಜೆಕ್ಟರುಗಳು ವಾಲ್ವ್ ಕವರಿನ ಒಳಗೆ ಇಳಿದಿರುತ್ತವೆ. ಪ್ರತಿಯೊಂದರ ಬುಡದಲ್ಲಿ ಒಂದು ತಾಮ್ರದ ವಾಷರ್ ಸಿಲಿಂಡರಿನ ಬೆಂಕಿಯನ್ನು ತಡೆದು ನಿಲ್ಲಿಸುತ್ತದೆ. ಅದು ಸವೆದರೆ ಉರಿದ ಅನಿಲ ಹೊರಗೆ ಬರುವ ಬದಲು ಕವರಿನೊಳಗೆ ನುಗ್ಗಿ ಎಂಜಿನ್ ಆಯಿಲಿನಲ್ಲಿ ಮಸಿಯಾಗಿ ಬೆರೆಯುತ್ತದೆ. ಆ ಮಸಿ ಡಾಂಬರಿನಂತೆ ಗಟ್ಟಿಯಾಗಿ ಎಂಜಿನ್ ತಳದ ಆಯಿಲ್ ತೊಟ್ಟಿಗೆ (ಸಂಪ್) ಇಳಿದು, ಆಯಿಲ್ ಪಂಪ್ ಎಳೆಯುವ ಜರಡಿಯ ಕಣ್ಣುಗಳನ್ನು ಮುಚ್ಚುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಭರ್ತಿ, ಬೇರಿಂಗಿಗೆ ಮಾತ್ರ ಹನಿಯೂ ಇಲ್ಲ. ಟರ್ಬೊ ಮೊದಲು ಹೋಗುತ್ತದೆ, ಆಮೇಲೆ ಕ್ರ್ಯಾಂಕ್ ಬೇರಿಂಗ್.

ಲಕ್ಷಣಗಳು ಸಣ್ಣವು. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಟಕಟಕ ಬಡಿತ, ಬಿಸಿಯಾದ ಮೇಲೆ ಮಾಯ. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಲಯಬದ್ಧವಾಗಿ ಚುಫ್ ಚುಫ್ ಎಂದು ಗಾಳಿ. ಮುಚ್ಚಳದ ಒಳಬದಿಯಲ್ಲಿ ಬೆರಳಿಗೆ ಹರಳುಹರಳಾಗಿ ಸಿಗುವ ಕರಿ. ಇಷ್ಟರಲ್ಲಿ ಒಂದು ಕಂಡರೂ ವಾಲ್ವ್ ಕವರ್ ಬಿಚ್ಚಿಸಿ. ಇಂಜೆಕ್ಟರ್ ಬುಡದ ಸುತ್ತ ಕಪ್ಪು ಅಂಟು ಮೆತ್ತಿಕೊಂಡಿರುವುದು ಎದ್ದು ಕಾಣುತ್ತದೆ, ಚೊಕ್ಕಟವಾಗಿರುವ ಇಂಜೆಕ್ಟರಿನ ಬುಡ ಬರೀ ಎಣ್ಣೆಯ ಬಣ್ಣದಲ್ಲಿರುತ್ತದೆ.

ನಾಲ್ಕೂ ವಾಷರ್, ಓ-ರಿಂಗ್, ಹೆಚ್ಚಾದ ಡೀಸೆಲನ್ನು ಮರಳಿ ಒಯ್ಯುವ ವಾಪಸ್ ಪೈಪಿನ ವಾಷರುಗಳು ಎಲ್ಲವೂ ಹೊಸದು. ಇಂಜೆಕ್ಟರುಗಳನ್ನು ಆಯಾ ಸಿಲಿಂಡರಿನ ನಂಬರ್ ಬರೆದೇ ತೆಗೆದಿಡಬೇಕು, ಅದಲು ಬದಲು ಬೇಡ. ಹಳೆಯ ವಾಷರ್ ಒಮ್ಮೊಮ್ಮೆ ಇಂಜೆಕ್ಟರಿನ ಜೊತೆ ಬಾರದೆ ತೂತಿನ ತಳದಲ್ಲೇ ಕಚ್ಚಿಕೊಂಡಿರುತ್ತದೆ. ಟಾರ್ಚ್ ಬಿಟ್ಟು ನೋಡದೆ ಅದರ ಮೇಲೆ ಇನ್ನೊಂದನ್ನು ಕೂರಿಸಿದರೆ ಇಂಜೆಕ್ಟರ್ ಎತ್ತರದಲ್ಲಿ ನಿಂತು ಮತ್ತೆ ಸೋರುತ್ತದೆ. ತಳದ ಮಸಿಯನ್ನು ಪೂರ್ತಿ ತೆಗೆದು, ಬೋಲ್ಟನ್ನು ಟಾರ್ಕ್ ವ್ರೆಂಚಿನಲ್ಲೇ ಬಿಗಿಯಬೇಕು. ಕವರ್ ಮುಚ್ಚುವ ಮೊದಲು ವಾಪಸ್ ಪೈಪಿಗೆ ಒತ್ತಡ ಕೊಟ್ಟು ಸೋರಿಕೆ ನೋಡಲೇಬೇಕು. ಆ ಪೈಪ್ ಕವರಿನ ಒಳಗಿದೆ, ಅಲ್ಲಿ ಹನಿದ ಡೀಸೆಲ್ ನೇರ ಎಂಜಿನ್ ಆಯಿಲಿಗೆ ಸೇರುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಇಳಿಯುವ ಬದಲು ಏರುತ್ತಿದ್ದರೆ, ಡೀಸೆಲ್ ವಾಸನೆ ಇದ್ದರೆ, ಗಾಡಿ ಓಡಿಸಬೇಡಿ.

ಮಸಿ ಸಿಕ್ಕ ಗಾಡಿಯಲ್ಲಿ ಸಂಪ್ ಇಳಿಸಿ ಜರಡಿ ತೊಳೆಯುವುದು ಕಡ್ಡಾಯ. ಇಲ್ಲಿ ಎಂಜಿನ್ ಫ್ಲಶ್ ಎಂಬ ಡಬ್ಬಿಯನ್ನು ಸುರಿಯಬೇಡಿ ಎಂದು ಕೇಳಿಕೊಳ್ಳುತ್ತೇನೆ. ಅದು ಮೇಲಿನ ಗಟ್ಟಿ ಕೊಳೆಯನ್ನು ತುಂಡುತುಂಡಾಗಿ ಬಿಡಿಸಿ ಅದೇ ಜರಡಿಗೆ ತಂದು ಹಾಕುತ್ತದೆ. ಕೊಳೆ ಕರಗಿಸಲು ಒಳ್ಳೆಯ ಆಯಿಲನ್ನೇ ಬೇಗ ಬೇಗ ಬದಲಾಯಿಸುವುದು ಸುರಕ್ಷಿತ ದಾರಿ: ಮೊದಲ ಸಲ ಹೊಸ ಆಯಿಲ್, ಫಿಲ್ಟರ್, ಮತ್ತೆ 3,000 ಕಿ.ಮೀ.ಗೆ ಇನ್ನೊಮ್ಮೆ, ಆಮೇಲೆ ಮಾಮೂಲಿ ಅಂತರ. ಸಿಐ-4 ದರ್ಜೆಯ 15ಡಬ್ಲ್ಯೂ-40 ಎಂಜಿನ್ ಆಯಿಲ್ ನಮ್ಮ ಹವೆಗೆ ಸರಿ. ಹೆಚ್ಚುಕಡಿಮೆ ಏಳು ಲೀಟರ್ ಹಿಡಿಯುತ್ತದೆ, ಆದರೆ ಪೂರ್ತಿ ಒಂದೇ ಸಲ ಸುರಿಯದೆ ಐದೂವರೆ ಹಾಕಿ, ಎರಡು ನಿಮಿಷ ಓಡಿಸಿ, ನಿಲ್ಲಿಸಿ, ಡಿಪ್‌ಸ್ಟಿಕ್ ನೋಡುತ್ತ ಏರಿಸಿ. ಬಿಚ್ಚಿದ ಫಿಲ್ಟರನ್ನು ಎಸೆಯುವ ಮೊದಲು ಕತ್ತರಿಸಿ ಕಾಗದವನ್ನು ಬಿಡಿಸಿ ಬಿಸಿಲಿನಲ್ಲಿ ನೋಡಿ. ಹ್ಯಾಕ್ಸಾ ಬೇಡ, ಗರಗಸದ ಪುಡಿ ಕಬ್ಬಿಣವೇ ನಿಮ್ಮನ್ನು ಹೆದರಿಸುತ್ತದೆ, ಪೈಪ್ ಕಟರ್ ರೀತಿಯದು ಬಳಸಿ. ಮಿನುಗುವ ಚೂರು ಕಂಡರೆ ಬೇರಿಂಗಿನ ಕಡೆ ಗಮನ ಹೋಗಬೇಕು.

ಮೂರನೆಯದು ಕೂಲಿಂಗ್. ರೇಡಿಯೇಟರ್ ಮುಚ್ಚಳವನ್ನು ತಣ್ಣಗಿರುವಾಗ ತೆರೆದು ನೋಡಿದರೆ ಗಾಡಿಯ ಚರಿತ್ರೆ ತಿಳಿಯುತ್ತದೆ. ಕೆಂಪೋ ಗುಲಾಬಿಯೋ ಇರಬೇಕಾದ ಕೂಲಂಟ್ ಕಂದು ನೀರಾಗಿದ್ದರೆ ಯಾರೋ ವರ್ಷಗಟ್ಟಲೆ ಕೊಳಾಯಿ ನೀರು ಹಾಕಿದ್ದಾರೆ. ರೇಡಿಯೇಟರಿನ ತಳದ ಜೊತೆಗೆ ಬ್ಲಾಕಿನ ಡ್ರೈನ್ ಪ್ಲಗ್ಗನ್ನೂ ಬಿಚ್ಚಿ, ಡಿಸ್ಟಿಲ್ಡ್ ವಾಟರ್ ತುಂಬಿ, ಮೇಲಿನ ಹೋಸ್ ಬಿಸಿಯಾಗುವವರೆಗೆ ಓಡಿಸಿ, ಇಳಿಸಿ. ನೀರು ತಿಳಿಯಾಗುವವರೆಗೆ ಇದನ್ನೇ ಮಾಡಿ. ತೊಳೆದ ಮೇಲೆ ಒಳಗೆ ಸ್ವಲ್ಪ ನೀರು ಉಳಿದೇ ಉಳಿಯುತ್ತದೆ. ಆದ್ದರಿಂದ ರೆಡಿ ಮಿಕ್ಸ್ ಹಾಕಿದರೆ ಅದು ತೆಳುವಾಗುತ್ತದೆ. ಮ್ಯಾನುಯಲ್ಲಿನಲ್ಲಿರುವ ಒಟ್ಟು ಪ್ರಮಾಣದ ಅರ್ಧದಷ್ಟು ಕಾನ್ಸೆಂಟ್ರೇಟ್ ಮೊದಲು ಸುರಿದು, ಉಳಿದದ್ದನ್ನು ಡಿಸ್ಟಿಲ್ಡ್ ವಾಟರಿನಿಂದ ತುಂಬುವುದು ನನ್ನ ಪದ್ಧತಿ. ಥರ್ಮೋಸ್ಟಾಟ್, ಮುಚ್ಚಳ, ಎರಡು ಹೋಸ್ ಹೊಸದಾಗಲಿ. ನೀರಿನ ಪಂಪಿನ ಸಣ್ಣ ತೂತಿನ ಕೆಳಗೆ ಬಣ್ಣದ ಕಲೆ ಇದ್ದರೆ ಪಂಪೂ ಸೇರಲಿ. ಎಂಜಿನ್ನಿನಿಂದಲೇ ತಿರುಗುವ ಫ್ಯಾನಿನ ಕಪ್ಲಿಂಗ್ ಬಿಸಿ ಎಂಜಿನ್ ನಿಲ್ಲಿಸಿದ ಮೇಲೆ ಕೈಯಲ್ಲಿ ಸಲೀಸಾಗಿ ಗಿರಗಿರ ತಿರುಗಿದರೆ ಒಳಗಿನ ಸಿಲಿಕಾನ್ ಎಣ್ಣೆ ಹೋಗಿದೆ. ಅಂಥ ಗಾಡಿ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಹೇಗೋ ನಿಭಾಯಿಸಬಹುದು, ಏಳು ಜನ, ಎಸಿ, ಶಿರಾಡಿ ಘಾಟಿ ಒಟ್ಟಿಗೆ ಬಂದಾಗ ಎಂಜಿನ್ ಮಿತಿಮೀರಿ ಬಿಸಿಯಾಗುತ್ತದೆ. ಬೆಳಗ್ಗೆ ತಣ್ಣನೆ ಎಂಜಿನ್ನಿನಲ್ಲೇ ಮೇಲಿನ ಹೋಸ್ ಗಟ್ಟಿಯಾಗಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು.

ಡೀಸೆಲ್ ಫಿಲ್ಟರ್ ಬದಲಾಯಿಸಿ, ತಳದ ನೀರು ಇಳಿಸಿ, ಮೇಲಿನ ಕೈ ಪಂಪನ್ನು ಗಟ್ಟಿಯಾಗುವವರೆಗೆ ಒತ್ತಿ, ಆಮೇಲೆ ಸ್ಟಾರ್ಟ್ ಮಾಡಿ. ಐಡ್ಲಿಂಗ್ ಏರಿಳಿಯುತ್ತಿದ್ದರೆ, ಸಿಗ್ನಲ್ಲಿನಲ್ಲಿ ಆಫ್ ಆಗುತ್ತಿದ್ದರೆ ಡೀಸೆಲ್ ಪಂಪನ್ನೇ ಬದಲಾಯಿಸಿ ಎನ್ನುವವರ ಮಾತು ಕೇಳುವ ಮೊದಲು, ಪಂಪಿಗೆ ಹೋಗುವ ಡೀಸೆಲನ್ನು ಹೆಚ್ಚುಕಡಿಮೆ ಮಾಡುವ ಸಕ್ಷನ್ ಕಂಟ್ರೋಲ್ ವಾಲ್ವನ್ನು ನೋಡಿಸಿ. ಅದು ಬಿಡಿಯಾಗಿ ಸಿಗುತ್ತದೆ.

ಗೇರ್ ಬಾಕ್ಸಿಗೆ ಜಿಎಲ್-4 ದರ್ಜೆಯ ಗೇರ್ ಆಯಿಲ್, ಹಿಂದಿನ ಡಿಫರೆನ್ಷಿಯಲ್ಲಿಗೆ ಜಿಎಲ್-5. ಯಾವಾಗಲೂ ತುಂಬುವ ಪ್ಲಗ್ ಮೊದಲು ಬಿಚ್ಚಿ, ಇಳಿಸುವ ಪ್ಲಗ್ ಆಮೇಲೆ. ಹಳೆಯ ಎಣ್ಣೆ ಇಳಿದು ಹೋದ ಮೇಲೆ ತುಂಬುವ ಪ್ಲಗ್ ಕದಲದಿದ್ದರೆ ಗಾಡಿ ಅಲ್ಲೇ ನಿಂತಿತು. ತುಂಬಿದ ಎಣ್ಣೆ ತೂತಿನಿಂದ ಹೊರಚೆಲ್ಲತೊಡಗಿದಾಗ ಅಳತೆ ಮುಗಿಯಿತು. ಪ್ರೊಪೆಲ್ಲರ್ ಶಾಫ್ಟಿನಲ್ಲಿ ನಿಪ್ಪಲ್ ಇದ್ದರೆ ಗ್ರೀಸ್ ಹೊಡೆಯಿರಿ. ರಿವರ್ಸಿನಿಂದ ಮುಂದಕ್ಕೆ ಹಾಕಿದಾಗ ಟಣ್ ಎಂದರೆ ಆ ಶಾಫ್ಟಿನ ಕೀಲಾದ ಯುಜೆ ಕ್ರಾಸ್ ಸವೆದಿದೆ.

ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ ಹಣ ಉಳಿಯುತ್ತದೆ, ಆದರೆ ಫಿಲ್ಟರ್, ಟೈಮಿಂಗ್ ಬೆಲ್ಟ್, ಬ್ರೇಕ್ ಸಾಮಾನಿನ ನಕಲಿ ಹೇರಳ. ಈ ಮೂರನ್ನು ಬಿಲ್ ಕೊಡುವ ಅಧಿಕೃತ ಮಾರಾಟಗಾರರಲ್ಲೇ ಕೊಳ್ಳುತ್ತೇನೆ. ಬುಷ್, ಮೌಂಟಿಂಗುಗಳಲ್ಲಿ ಗಾಡಿ ಕಂಪನಿಗೆ ಸರಬರಾಜು ಮಾಡುವವರದೇ ಬೇರೆ ಡಬ್ಬಿಯಲ್ಲಿ ಸಿಗುತ್ತದೆ, ಧಾರಾಳವಾಗಿ ತೆಗೆದುಕೊಳ್ಳಬಹುದು.

ಸ್ಟಾರ್ಟರ್ ಒಮ್ಮೊಮ್ಮೆ ಕ್ಲಿಕ್ ಎಂದು ಸುಮ್ಮನಾದರೆ ಬ್ಯಾಟರಿ ಕೊಳ್ಳುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ರಾತ್ರಿ ನಿಂತ ಗಾಡಿಯಲ್ಲಿ 12.4 ವೋಲ್ಟಿಗಿಂತ ಹೆಚ್ಚು, ಓಡುವಾಗ 14ರ ಆಸುಪಾಸು ಇದ್ದರೆ ಬ್ಯಾಟರಿ, ಆಲ್ಟರ್ನೇಟರ್ ಸರಿಯಿದೆ. ಸವೆದಿರುವುದು ಸ್ಟಾರ್ಟರ್ ಸೊಲೆನಾಯ್ಡಿನ ತಾಮ್ರದ ಕಾಂಟ್ಯಾಕ್ಟುಗಳು, ಅಷ್ಟನ್ನೇ ಬದಲಾಯಿಸಬಹುದು. ತಣ್ಣನೆಯ ಎಂಜಿನ್ ಸ್ಟಾರ್ಟ್ ಆಗಲು ಸಿಲಿಂಡರ್ ಬಿಸಿ ಮಾಡುವ ಗ್ಲೋ ಪ್ಲಗ್ ಮಡಿಕೇರಿಯ ಡಿಸೆಂಬರಿಗೆ ಬೇಕು, ರಾಯಚೂರಿನಲ್ಲಿ ಕಾಯಬಹುದು.

ಹಿಂದಿನ ಆರ್ಮಿನ ಬುಷ್ಷುಗಳು, ಶಾಕ್ ಅಬ್ಸಾರ್ಬರ್, ಎಂಜಿನ್ ಮೌಂಟಿಂಗ್, ಎಸಿ ಸರ್ವಿಸ್, ಪೇಂಟು, ಸೀಟ್ ಕವರ್ ಇವೆಲ್ಲ 3,000 ಕಿ.ಮೀ.ಯ ಎರಡನೇ ಆಯಿಲ್ ಬದಲಾವಣೆ ಆಗಿ, ಎರಡನೇ ಫಿಲ್ಟರಿನ ಕಾಗದವೂ ಚೊಕ್ಕಟವಾಗಿ ಸಿಕ್ಕ ಮೇಲೆ. ಬುಷ್ ಹಾಕಿಸುವಾಗ ಗಾಡಿ ಜಾಕಿಯ ಮೇಲೆ ತೂಗುತ್ತಿರುವಾಗಲೇ ಬೋಲ್ಟ್ ಪೂರ್ತಿ ಬಿಗಿಯಲು ಬಿಡಬೇಡಿ. ಚಕ್ರ ನೆಲ ಮುಟ್ಟಿ, ಗಾಡಿಯ ಭಾರ ಕೂತ ಮೇಲೆ ಬಿಗಿಯಬೇಕು, ಇಲ್ಲವಾದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಇದೆಲ್ಲ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್. ಅದಕ್ಕೆ ಮೊದಲು ಮಾಡಿಸಿದ ಅಲೈನ್‌ಮೆಂಟಿನ ದುಡ್ಡು ದಂಡ.