ಬಿಡುಗಡೆ ತೀರ್ಮಾನಿಸುವವರ ಅರ್ಹತೆಯನ್ನು ನಾನು ಪ್ರಶ್ನಿಸಿದ ಬಗೆ

ಕಾಸರಗೋಡಿನಲ್ಲಿ ವಕೀಲಿ ಮಾಡುತ್ತಿರುವ ನನ್ನ ಕಚೇರಿಗೆ ಜೀವಾವಧಿ ಶಿಕ್ಷೆಯ ಕೈದಿಯೊಬ್ಬನ ತಾಯಿ ಬಂದರು. 14 ವರ್ಷ ಕಳೆದಿದ್ದ ಮಗನ ಅವಧಿಪೂರ್ವ ಬಿಡುಗಡೆಯ ಕೋರಿಕೆ, ಇಂತಹ ಬಿಡುಗಡೆಗೆ ಶಿಫಾರಸು ಮಾಡುವ ಕಾರಾಗೃಹ ಸಲಹಾ ಸಮಿತಿಯಲ್ಲಿ ಬಿದ್ದುಹೋಗಿತ್ತು. ಅವರು ಸೆರಗಿನಲ್ಲಿ ಮಡಚಿಟ್ಟು ತಂದಿದ್ದ ಹಾಳೆಯಲ್ಲಿ ಶಿಫಾರಸು ಮಾಡಿಲ್ಲ ಎಂಬುದರ ಹೊರತು ಒಂದಕ್ಷರ ಕಾರಣವೂ ಇರಲಿಲ್ಲ.

ಕೇರಳದಲ್ಲಿ ಇಂತಹ ಸಮಿತಿಯಲ್ಲಿ ಅಧಿಕಾರಿಗಳೊಂದಿಗೆ ಸರ್ಕಾರ ನಾಮನಿರ್ದೇಶನ ಮಾಡಿದ ಅಧಿಕಾರೇತರ ಸದಸ್ಯರೂ ಕುಳಿತುಕೊಳ್ಳುತ್ತಾರೆ. ಆ ಸ್ಥಾನಗಳು ಪಕ್ಷದ ಮುಖಂಡರ ಪಾಲಾಗುವುದು ನಮ್ಮಲ್ಲಿ ಹೊಸದೇನಲ್ಲ. ‘ಪಕ್ಷದವರನ್ನು ಏಕೆ ನೇಮಿಸಿದಿರಿ’ ಎಂದು ಕೇಳಬೇಕೆಂಬುದೇ ನನ್ನ ಮೊದಲ ಯೋಚನೆಯಾಗಿತ್ತು. ಆದರೆ ಮಾಹಿತಿ ಹಕ್ಕಿನಡಿ ‘ಏಕೆ’ ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಕಡತದಲ್ಲಿರುವ ಕಾಗದ ಮಾತ್ರ ಬರುತ್ತದೆ. ಆದ್ದರಿಂದ ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟಾಂಪು ಅಂಟಿಸಿದ ಅರ್ಜಿಯಲ್ಲಿ ನೇಮಕಾತಿ ಆದೇಶದ ಪ್ರತಿಯನ್ನೂ, ನೇಮಕದ ಮುನ್ನ ಪರಿಶೀಲಿಸಿದ ಅರ್ಹತಾ ದಾಖಲೆಗಳನ್ನೂ, ನನ್ನ ಕಕ್ಷಿದಾರನ ವಿಷಯ ಚರ್ಚೆಯಾದ ಸಭೆಯ ನಡಾವಳಿಯನ್ನೂ ಕೇಳಿದೆ.

ಅರ್ಹತೆ ಎಂದರೆ ಪದವಿಯಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಅವಧಿಪೂರ್ವ ಬಿಡುಗಡೆಯನ್ನು ತೀರ್ಮಾನಿಸುವಾಗ ನೋಡಬೇಕೆಂದು ಲಕ್ಷ್ಮಣ್ ನಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗುರುತಿಸಿದ ಅಂಶಗಳು ಐದು: ಅಪರಾಧ ಇಡೀ ಸಮಾಜವನ್ನು ತಟ್ಟಿತ್ತೇ, ಅದು ಮರುಕಳಿಸುವ ಸಂಭವವಿದೆಯೇ, ಕೈದಿಗೆ ಅಪರಾಧವೆಸಗುವ ಸಾಮರ್ಥ್ಯ ಉಳಿದಿದೆಯೇ, ಸೆರೆಯಲ್ಲಿ ಮುಂದುವರಿಸುವುದರಿಂದ ಪ್ರಯೋಜನವಿದೆಯೇ, ಅವನ ಕುಟುಂಬದ ಸಾಮಾಜಿಕ ಮತ್ತು ಆರ್ಥಿಕ ಸ್ಥಿತಿ ಹೇಗಿದೆ. ಇವುಗಳನ್ನು ತೂಗಬಲ್ಲ ಅನುಭವವೇ ಅರ್ಹತೆ. ಊರಿನ ಮನೆಮನೆಯನ್ನೂ ಬಲ್ಲ ರಾಜಕಾರಣಿಗೆ ಐದನೆಯ ಪ್ರಶ್ನೆ ಚೆನ್ನಾಗಿ ಗೊತ್ತಿರಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 2022ರಲ್ಲಿ ಬಿಲ್ಕಿಸ್ ಬಾನೊ ಸಾಮೂಹಿಕ ಅತ್ಯಾಚಾರ ಪ್ರಕರಣದ 11 ಅಪರಾಧಿಗಳ ಬಿಡುಗಡೆಗೆ ಶಿಫಾರಸು ಮಾಡಿದ ಗೋಧ್ರಾ ಸಮಿತಿಯಲ್ಲಿ ಆಡಳಿತ ಪಕ್ಷದ ಇಬ್ಬರು ಶಾಸಕರಿದ್ದರು. 2024ರ ಜನವರಿ 8ರಂದು ಸುಪ್ರೀಂ ಕೋರ್ಟ್ ಆ ಬಿಡುಗಡೆಯನ್ನು ರದ್ದುಪಡಿಸಿದ್ದು ಗುಜರಾತ್ ಸರ್ಕಾರಕ್ಕೆ ಅಧಿಕಾರವಿರಲಿಲ್ಲವೆಂಬ ಕಾರಣಕ್ಕೆ. ಸದಸ್ಯರ ಅರ್ಹತೆಯ ಪ್ರಶ್ನೆ ಹಾಗೆಯೇ ಉಳಿಯಿತು ಎಂಬುದು ನನ್ನ ಕೊರಗು.

ನನ್ನ ಮಾಹಿತಿ ಹಕ್ಕು ಅರ್ಜಿಗೆ ಬಂದ ಮೊದಲ ಉತ್ತರದಲ್ಲಿ ‘ವೈಯಕ್ತಿಕ ಮಾಹಿತಿ’ ಎಂದು ನಿರಾಕರಿಸಿದರು. ಸಾರ್ವಜನಿಕ ಸ್ಥಾನಕ್ಕೆ ಆಧಾರವಾದ ಅರ್ಹತೆ ಖಾಸಗಿಯಾಗಲಾರದೆಂದು 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಿದೆ. ಆಗ ಬಂದದ್ದು ಒಂದೇ ಪುಟದ ನೇಮಕಾತಿ ಆದೇಶ ಮತ್ತು ಸಭೆಯ ನಡಾವಳಿ. ಆದೇಶದಲ್ಲಿ ಸದಸ್ಯರ ಹೆಸರು, ವಿಳಾಸಗಳಿದ್ದವು. ಅರ್ಹತೆ ಪರಿಶೀಲಿಸಿದ ಯಾವ ಕಾಗದವೂ ಕಡತದಲ್ಲಿಲ್ಲವೆಂಬ ಹಿಂಬರಹವಿತ್ತು. ನಡಾವಳಿಯಲ್ಲಿ ಆ ದಿನದ ಎಲ್ಲ ಕೈದಿಗಳಿಗೂ ಒಂದೇ ವಾಕ್ಯವನ್ನು ಬರೆಯಲಾಗಿತ್ತು.

ಆ ಹಿಂಬರಹವನ್ನೂ ನಡಾವಳಿಯನ್ನೂ ಲಗತ್ತಿಸಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿದೆ. ಸದಸ್ಯರನ್ನು ತೆಗೆಯಿರಿ ಎನ್ನಲಿಲ್ಲ. ಐದೂ ಅಂಶಗಳಿಗೆ ಲಿಖಿತ ಕಾರಣ ಕೊಡಬೇಕೆಂದಷ್ಟೇ ಕೋರಿದೆ. ಮರುಪರಿಶೀಲನೆಗೆ ಆದೇಶವಾಯಿತು. ಬಳಿಕ ಕೈದಿಯ ಮನೆಯ ಪರಿಸ್ಥಿತಿ ವಿಚಾರಿಸಿ ವರದಿ ಕೊಡುವ ಪ್ರೊಬೇಷನ್ ಅಧಿಕಾರಿ ಆ ತಾಯಿಯ ಮನೆಗೆ ಬಂದು ಜಗಲಿಯಲ್ಲಿ ಕುಳಿತು, ಮಗ ಮರಳಿದರೆ ಯಾವ ಕೆಲಸಕ್ಕೆ ಹೋಗುತ್ತಾನೆ, ನೆರೆಯವರು ಏನೆನ್ನುತ್ತಾರೆ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡು ಹೋದರು.