ಹಳೇ ಅಂಬಾಸಿಡರ್‌ನ ಪೆಟ್ರೋಲ್ ಟ್ಯಾಂಕ್: ಜಂಗು ತೆಗೆದು ಸೀಲ್ ಮಾಡೋದು ಹೇಗೆ

ಗಾಡಿ ಚೆನ್ನಾಗಿಯೇ ಸ್ಟಾರ್ಟ್ ಆಗುತ್ತೆ. ನಾಲ್ಕೈದು ಕಿಲೋಮೀಟರ್ ಓಡುತ್ತೆ, ಆಮೇಲೆ ಎಷ್ಟು ರೇಸ್ ಕೊಟ್ಟರೂ ಎಳೆಯೋದಿಲ್ಲ, ಕೆಮ್ಮಿ ಕೆಮ್ಮಿ ನಿಂತುಬಿಡುತ್ತೆ. ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಏನೂ ಆಗಿಲ್ಲ ಅನ್ನೋ ಹಾಗೆ ಮತ್ತೆ ಹೊರಡುತ್ತೆ. ನಿಮ್ಮ ಹಳೇ ಗಾಡಿ ಹೀಗೆ ಮಾಡ್ತಾ ಇದ್ದರೆ ಕಾರ್ಬ್ಯುರೇಟರ್ ಬಿಚ್ಚೋ ಮುಂಚೆ ಟ್ಯಾಂಕಿನ ಒಳಗೆ ನೋಡಿ.

ನಮ್ಮದು 1978ರ ಮಾರ್ಕ್ 3 ಅಂಬಾಸಿಡರ್. ಅಪ್ಪ ಹೋದ ಮೇಲೆ ಧಾರವಾಡದ ಮನೆಯ ಹಿಂದಿನ ಶೆಡ್‌ನಲ್ಲಿ ಆರು ವರ್ಷ ನಿಂತೇ ಇತ್ತು. ಹೊರಗೆ ತೆಗೆದ ಮೇಲೆ ಗದಗಕ್ಕೆ ಹೋಗುವಾಗ ಅಣ್ಣಿಗೇರಿ ಹತ್ತಿರ ಎರಡು ಸಲ ಕೈ ಕೊಟ್ಟಿತು. ಮೂರು ಸಲ ಕಾರ್ಬ್ಯುರೇಟರ್ ಕ್ಲೀನ್ ಮಾಡಿಸಿದೆ. ಕೊನೆಗೆ ಹುಬ್ಬಳ್ಳಿಯ ಒಬ್ಬ ಹಿರಿಯ ಮಿಸ್ತ್ರಿ ಹತ್ತಿರ ಹೋದೆ. ಅವರು ಬಾನೆಟ್ ಕೂಡ ಎತ್ತಲಿಲ್ಲ. "ತಮ್ಮಾ, ಅದನ್ನ ಬಿಡು, ಮೊದಲ ಟಾಕಿ ಬಿಚ್ಚು" ಅಂದರು. "ಹೂಂ ಚಾಚಾ" ಅಂತ ಮನೆಗೆ ಬಂದು ಬಿಚ್ಚಿದೆ. ಪೆಟ್ರೋಲ್ ಎಳೆಯೋ ಪೈಪಿನ ತುದಿಯ ಜಾಳಿಗೆಗೆ ಜಂಗಿನ ಚಕ್ಕೆಗಳು ಮೀನಿನ ಹುರುಪೆ ಥರ ಅಂಟಿಕೊಂಡಿದ್ದವು. ಪಂಪ್ ಎಳೆಯುವಾಗ ಚಕ್ಕೆ ಬಂದು ಜಾಳಿಗೆ ಮುಚ್ಚುತ್ತೆ, ಎಂಜಿನ್ ನಿಂತರೆ ಎಳೆತ ಹೋಗಿ ಕೆಳಗೆ ಉದುರುತ್ತೆ. ಹತ್ತು ನಿಮಿಷದ ಗುಟ್ಟು ಇಷ್ಟೇ.

ನೀವು ಶುರು ಮಾಡೋ ಮುಂಚೆ ಒಂದು ಮಾತು. ಎಲ್ಲರೂ ಸೀಲರ್, ಅಂದರೆ ಟ್ಯಾಂಕಿನ ಒಳಗೆ ಹಚ್ಚೋ ಲೇಪ, ಯಾವುದು ಒಳ್ಳೇದು ಅಂತ ಕೇಳ್ತಾರೆ. ಸೀಲರ್ ಹಚ್ಚೋದು ಅರ್ಧ ಗಂಟೆ ಕೆಲಸ. ಅದು ಹಿಡಿಯೋದು ಬಿಡೋದು ಅದಕ್ಕೆ ಮುಂಚಿನ ತೊಳೆಯೋ ಕೆಲಸ, ಒಣಗಿಸೋ ಕೆಲಸದ ಮೇಲೆ ನಿಂತಿದೆ. ನಾನು ಮೊದಲನೇ ಸಲ ಜುಲೈನಲ್ಲಿ ಮಾಡಿದೆ. ಧಾರವಾಡದ ಜಿಟಿಜಿಟಿ ಮಳೆ ನಿಮಗೆ ಗೊತ್ತಲ್ವಾ, ಒಗೆದ ಬಟ್ಟೆಯೇ ಮೂರು ದಿನ ಒಣಗೋದಿಲ್ಲ. ಟ್ಯಾಂಕ್ ಒಣಗಿದೆ ಅಂದುಕೊಂಡು ಸೀಲರ್ ಹಾಕಿದೆ. ಐದು ತಿಂಗಳಿಗೆ ಅದು ಹಾಲಿನ ಕೆನೆ ಎದ್ದ ಹಾಗೆ ಹಾಳೆ ಹಾಳೆಯಾಗಿ ಎದ್ದು ಬಂತು. ಜಂಗಿಗಿಂತ ಅದನ್ನು ಕೆರೆದು ತೆಗೆಯೋದೇ ಜಾಸ್ತಿ ಕಷ್ಟ ಆಯಿತು. ಅದಕ್ಕೇ ಹೇಳ್ತೀನಿ, ಈ ಕೆಲಸ ಮಾರ್ಚ್‌ನಿಂದ ಮೇ ಒಳಗೆ, ಬಿಸಿಲು ಇರುವಾಗಲೇ ಮಾಡಿ.

ಮೊದಲು ಬ್ಯಾಟರಿಯ ಅರ್ಥ್ ವೈರ್ ಬಿಚ್ಚಿ. ಪೆಟ್ರೋಲ್ ಖಾಲಿ ಮಾಡೋದು ಬಯಲಲ್ಲೇ, ಶೆಡ್ ಒಳಗೆ ಬೇಡ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿದು ತಗ್ಗಿನಲ್ಲಿ ಕೂತುಕೊಳ್ಳುತ್ತೆ. ದೂರದ ಒಂದು ಬೀಡಿ ಸಾಕು. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಜಾಸ್ತಿ ಅಪಾಯ, ಯಾಕಂದರೆ ಅದರ ತುಂಬಾ ಆವಿ ಮತ್ತು ಗಾಳಿ. ಹಳೇ ಪೆಟ್ರೋಲನ್ನು ಗಟಾರಕ್ಕೆ ಚೆಲ್ಲಬೇಡಿ.

ಅಂಬಾಸಿಡರ್‌ನ ಟ್ಯಾಂಕ್ ಡಿಕ್ಕಿಯ ಕೆಳಗಿದೆ. ಜ್ಯಾಕ್ ಒಂದನ್ನೇ ನಂಬಿ ಗಾಡಿ ಕೆಳಗೆ ತೂರಬೇಡಿ, ಸ್ಟ್ಯಾಂಡ್ ಕೊಡಿ. ಜಂಗು ಹಿಡಿದ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿರಿ. ಟ್ಯಾಂಕ್ ಇಳಿಸಿದ ಮೇಲೆ ಪೆಟ್ರೋಲ್ ಮೀಟರಿನ ಫ್ಲೋಟ್ ಇರೋ ಯೂನಿಟ್ ಬಿಚ್ಚಿಡಿ, ಅದರ ತೋಳು ಬಾಗಬಾರದು. ಬಿಗಿಯಾಗಿದ್ದರೆ ಕಟ್ಟಿಗೆ ತುಂಡು ಇಟ್ಟು ತಟ್ಟಿ, ಕಬ್ಬಿಣದ ಸುತ್ತಿಗೆಯಿಂದ ಕಿಡಿ ಹಾರೋದು ಬೇಡ. ಆ ತೂತಿನಿಂದ ಟಾರ್ಚ್ ಬೆಳಕು ಬಿಟ್ಟು ನೋಡಿದರೆ ನಿಮಗೆ ಎರಡು ಥರ ಕಾಣಬಹುದು. ಮೇಲೆ ಮೇಲೆ ಕೆಂಪು ಪುಡಿ ಅಷ್ಟೇ ಇದ್ದರೆ ತೊಳೆದರೆ ಸಾಕು, ಸೀಲರ್ ಬೇಕಾಗೇ ಇಲ್ಲ. ತಗಡು ಗುಳಿ ಗುಳಿ ಬಿದ್ದು, ಸೂಜಿಮೊನೆಯಷ್ಟು ತೂತುಗಳಿದ್ದರೆ ಮಾತ್ರ ಸೀಲ್ ಮಾಡಿ. ತಗಡು ಬೆರಳಲ್ಲಿ ಒತ್ತಿದರೆ ಬಗ್ಗುತ್ತೆ ಅಂದರೆ ಬೇರೆ ಟ್ಯಾಂಕ್ ಹುಡುಕಿ, ಸುಮ್ನೆ ದುಡ್ಡು ಹಾಕಬೇಡಿ.

ಈಗ ತೊಳೆಯೋದು. ಹಳೇ ಪೆಟ್ರೋಲ್ ಒಣಗಿ ಬೆಲ್ಲದ ಪಾಕದ ಹಾಗೆ ಕಂದು ಅಂಟು ಆಗಿರುತ್ತೆ. ಆ ಅಂಟು ಇರೋವರೆಗೂ ಯಾವ ಆಸಿಡ್ಡೂ ಜಂಗನ್ನು ಮುಟ್ಟೋದಿಲ್ಲ. ಬಿಸಿನೀರು, ವಾಷಿಂಗ್ ಸೋಡಾ, ಸ್ವಲ್ಪ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ಒಂದು ರಾತ್ರಿ ನೆನೆಸಿ, ಚೆಲ್ಲಿ, ಮತ್ತೆ ಹಾಕಿ. ಪೆಟ್ರೋಲ್ ವಾಸನೆ ಪೂರ್ತಿ ಹೋಗೋವರೆಗೆ. ನನಗೆ ನಾಲ್ಕು ಸಲ ಬೇಕಾಯಿತು.

ಆಮೇಲೆ ಚಕ್ಕೆ ಬಿಡಿಸಬೇಕು. ಕೆಲವರು ಖಡಿ ಹಾಕ್ತಾರೆ, ಕೆಲವರು ನಟ್ಟು ಬೋಲ್ಟು ಹಾಕ್ತಾರೆ. ಎರಡೂ ಬೇಡ. ಟ್ಯಾಂಕ್ ಒಳಗೆ ಪೆಟ್ರೋಲ್ ತುಳುಕದ ಹಾಗೆ ಅಡ್ಡ ತಗಡುಗಳಿರುತ್ತವೆ, ಅದರ ಹಿಂದೆ ಒಂದು ಹೊಕ್ಕರೆ ತೆಗೆಯೋದರಲ್ಲಿ ಸಾಕುಸಾಕಾಗುತ್ತೆ. ಎರಡು ಮೀಟರ್ ಸಣ್ಣ ಸರಪಳಿ ತನ್ನಿ, ಒಂದು ತುದಿಗೆ ತಂತಿ ಕಟ್ಟಿ ಹೊರಗೆ ಬಿಡಿ, ಸರಪಳಿಯನ್ನು ಒಳಗೆ ಇಳಿಸಿ ಎರಡು ಬಕೆಟ್ ನೀರು ಹಾಕಿ. ಹಳೇ ಗಾದಿ ಹಾಸಿ, ಇಬ್ಬರು ಹಿಡಿದು ಆ ಕಡೆ ಈ ಕಡೆ ಹೊರಳಿಸಿ. ಮೊದಲು ಸರಪಳಿಯ ಸದ್ದು ಗೊರಗೊರ ಅಂತ ಮಂದವಾಗಿರುತ್ತೆ, ಚಕ್ಕೆ ಬಿಟ್ಟ ಮೇಲೆ ಖಣಖಣ ಅನ್ನುತ್ತೆ. ಆ ಸದ್ದು ಬದಲಾಗೋದನ್ನು ಕೇಳಿಸಿಕೊಳ್ಳಿ, ಒಳಗೆ ಕಣ್ಣು ಹೋಗದ ಕಡೆ ಕಿವಿಯೇ ಹೇಳುತ್ತೆ.

ಉಳಿದ ಜಂಗಿಗೆ ಸಿಟ್ರಿಕ್ ಆಸಿಡ್. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಸಿಗೋದು ಇದೇ, ಆದರೆ ನಮಗೆ ಕಿಲೋ ಲೆಕ್ಕದಲ್ಲಿ ಬೇಕು, ಕೆಮಿಕಲ್ ಅಂಗಡಿಯಲ್ಲಿ ತಗೊಳ್ಳಿ. 10 ಲೀಟರ್ ಬಿಸಿನೀರಿಗೆ ಅರ್ಧ ಕಿಲೋ ಲೆಕ್ಕ. ಪೈಪಿನ ಬಾಯಿಗೆ ರಬ್ಬರ್ ಬೂಚು ಹಾಕಿ, ಟ್ಯಾಂಕನ್ನು ಕುತ್ತಿಗೆವರೆಗೆ ತುಂಬಿಸಿ. ಅರ್ಧ ತುಂಬಿದರೆ ನೀರಿನ ಗೆರೆ ಇರೋ ಜಾಗದಲ್ಲೇ ಹೊಸ ಜಂಗು ಏಳುತ್ತೆ. ಮೇಲಿನ ಬಾಯಿ ಬಿಗಿಯಾಗಿ ಮುಚ್ಚಬೇಡಿ, ಗ್ಯಾಸ್ ಹೊರಗೆ ಹೋಗಬೇಕು. 24 ಗಂಟೆ ಆದ ಮೇಲೆ ನೋಡಿ, ಬೂದು ಬಣ್ಣದ ತಗಡು ಕಂಡರೆ ಮುಗಿಯಿತು, ಇಲ್ಲದಿದ್ದರೆ ಇನ್ನೊಂದು ದಿನ. ಬಾತ್‌ರೂಮ್ ತೊಳೆಯೋ ಆಸಿಡ್ ಹಾಕಿದರೆ ಒಂದೇ ಗಂಟೆಯಲ್ಲಿ ಆಗುತ್ತೆ ಅಂತ ಹೇಳೋರು ಸಿಗ್ತಾರೆ. ಆಗುತ್ತೆ, ನಿಜ. ಜಂಗಿನ ಜೊತೆ ಒಳ್ಳೇ ತಗಡನ್ನೂ ತಿನ್ನುತ್ತೆ. ನಲವತ್ತೈದು ವರ್ಷ ಸವೆದ ತಗಡಿಗೆ ಆ ಶಿಕ್ಷೆ ಯಾಕೆ?

ಆಸಿಡ್ ಚೆಲ್ಲಿದ ತಕ್ಷಣ ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆಯಿರಿ, ಆಮೇಲೆ ಬರೀ ನೀರು. ಇಲ್ಲಿಂದ ಮುಂದೆ ನಿಧಾನ ಮಾಡಬೇಡಿ. ಬರೀ ಕಬ್ಬಿಣ ಒದ್ದೆಯಾಗಿದ್ದರೆ ನಿಮ್ಮ ಕಣ್ಣೆದುರೇ, ಚಹಾ ಕುಡಿದು ಬರೋದರೊಳಗೆ, ಕಿತ್ತಳೆ ಬಣ್ಣ ತಿರುಗುತ್ತೆ. ಸೀಲರ್ ಕಿಟ್ ಜೊತೆ ಫಾಸ್ಫಾರಿಕ್ ಆಸಿಡ್ಡಿನ ಬಾಟಲಿ ಬಂದಿದ್ದರೆ ಈಗ ಅದನ್ನು ಹಾಕಿ ಎಲ್ಲ ಕಡೆ ಹರಿಸಿ, ಅದು ಕಬ್ಬಿಣದ ಮೇಲೆ ತೆಳುವಾದ ಫಾಸ್ಫೇಟ್ ಪದರ ಕಟ್ಟುತ್ತೆ, ಜಂಗು ತಡೆಯುತ್ತೆ. ಕೊನೆಯ ತೊಳೆತ ಕುದಿಯೋ ನೀರಿನಲ್ಲಿ. ಟ್ಯಾಂಕೇ ಬಿಸಿಯಾಗುತ್ತೆ, ಚೆಲ್ಲಿದ ಮೇಲೆ ಆ ಬಿಸಿಗೇ ಅರ್ಧ ಒಣಗುತ್ತೆ. ಕೂಡಲೇ ಒಂದು ತೂತಿನಿಂದ ಬ್ಲೋವರ್ ಗಾಳಿ ಬಿಡಿ, ಇನ್ನೊಂದು ಬಾಯಿ ತೆರೆದಿರಲಿ. ಎರಡು ಗಂಟೆ ಗಾಳಿ, ಆಮೇಲೆ ಇಡೀ ದಿನ ಬಿಸಿಲು. ಒಣಗಿತೋ ಇಲ್ಲವೋ ನೋಡೋಕೆ ಒಂದು ಒಣ ಅರಿವೆಯನ್ನು ತಂತಿಗೆ ಸುತ್ತಿ ಅಡ್ಡ ತಗಡಿನ ಸಂದಿಯಲ್ಲಿ ಆಡಿಸಿ ತೆಗೆದು ಕೆನ್ನೆಗೆ ಒತ್ತಿಕೊಳ್ಳಿ. ತಂಪು ಹತ್ತಿದರೆ ಇನ್ನೂ ಒಣಗಿಲ್ಲ. ಕೈಗಿಂತ ಕೆನ್ನೆಗೆ ಬೇಗ ಗೊತ್ತಾಗುತ್ತೆ.

ದೊಡ್ಡ ತೂತಿದ್ದರೆ ರೇಡಿಯೇಟರ್ ರಿಪೇರಿ ಮಾಡುವವರ ಹತ್ತಿರ ಬೆಸುಗೆ ಹಾಕಿಸಿ, ಇದು ಪೆಟ್ರೋಲ್ ಟ್ಯಾಂಕ್ ಅಂತ ಬಾಯಿ ಬಿಟ್ಟು ಹೇಳಿ. ಮನೆಯಲ್ಲಿ ವೆಲ್ಡಿಂಗ್ ಬೇಡವೇ ಬೇಡ.

ಸೀಲರ್ ತಗೊಳ್ಳುವಾಗ ಎಥನಾಲ್ ತಡೆಯುತ್ತೆ ಅಂತ ಡಬ್ಬಿ ಮೇಲೆ ಬರೆದಿದೆಯಾ ನೋಡಿ. ಈಗ ಬಂಕಿನಲ್ಲಿ ಬರೋದು ಶೇ. 20ರಷ್ಟು ಎಥನಾಲ್ ಸೇರಿಸಿದ ಪೆಟ್ರೋಲ್, ಹಳೇ ಥರದ ಸೀಲರ್ ಅದರಲ್ಲಿ ಮೆತ್ತಗಾಗಿ ಕರಗುತ್ತೆ. ಕೈಗವಸು, ಮಾಸ್ಕ್ ಹಾಕಿಕೊಂಡು, ಎರಡು ಭಾಗದ ಸೀಲರ್ ಆದರೆ ಹೇಳಿದ ಅಳತೆಯಲ್ಲೇ ಕಲಸಿ ಸುರಿಯಿರಿ. ಆರೂ ಮುಖಕ್ಕೆ ತಾಗೋ ಹಾಗೆ ನಿಧಾನವಾಗಿ ಹೊರಳಿಸಿ. ಉಳಿದದ್ದನ್ನು ಪೂರ್ತಿ ಬಸಿದುಬಿಡಿ. ದುಡ್ಡು ಕೊಟ್ಟಿದ್ದೀವಿ ಅಂತ ಒಳಗೇ ಬಿಟ್ಟರೆ ಮೂಲೆಯಲ್ಲಿ ದಪ್ಪಗೆ ನಿಂತು ಒಳಗಿಂದ ಹಸಿಯಾಗೇ ಉಳಿಯುತ್ತೆ, ಎದ್ದು ಬರೋದು ಅಲ್ಲಿಂದಲೇ. ಪೆಟ್ರೋಲ್ ಪೈಪಿಗೂ ಗಾಳಿ ಪೈಪಿಗೂ ಆಗಾಗ ಸೈಕಲ್ ಪಂಪಿನಿಂದ ಗಾಳಿ ಹೊಡೆಯುತ್ತಾ ಇರಿ, ಮುಚ್ಚಿಹೋದರೆ ಮತ್ತೆ ಅದೇ ಕಾಯಿಲೆ. ಯೂನಿಟ್ಟಿನ ಸ್ಕ್ರೂ ತೂತುಗಳಿಗೆ ಗ್ರೀಸ್ ಹಚ್ಚಿದ ಸ್ಕ್ರೂ ಹಾಕಿಟ್ಟಿರಿ. ಆಮೇಲೆ ಕನಿಷ್ಠ ನಾಲ್ಕು ದಿನ ಮುಟ್ಟಬೇಡಿ.

ಜೋಡಿಸುವಾಗ ಹೊಸ ಗ್ಯಾಸ್ಕೆಟ್, ಎಥನಾಲ್ ತಡೆಯೋ ಹೊಸ ರಬ್ಬರ್ ಪೈಪು, ಪಂಪಿಗಿಂತ ಮುಂಚೆ ಒಳಗಿನದು ಕಾಣೋ ಥರದ ಫಿಲ್ಟರ್ ಒಂದು. ಲೈನಿನಲ್ಲಿ ಉಳಿದಿರೋ ಹಳೇ ಜಂಗು ಮೊದಲ ಕೆಲವು ದಿನ ಬಂದೇ ಬರುತ್ತೆ. ನಾನು ಗದಗಕ್ಕೆ ಹೋಗಿ ಬಂದು ಫಿಲ್ಟರ್ ನೋಡಿದೆ, ತಳದಲ್ಲಿ ಚಿಟಿಕೆಯಷ್ಟು ಕಂದು ಪುಡಿ. ಬದಲಿಸಿದೆ. ಮುಂದಿನ ಸಲ ಅದೇ ದಾರಿಯಲ್ಲಿ ಅಣ್ಣಿಗೇರಿ ದಾಟಿ ಹೋಗಿ ಬಂದಾಗ ಫಿಲ್ಟರಿನಲ್ಲಿ ಬರೀ ಪೆಟ್ರೋಲ್ ಇತ್ತು.